ನಮ್ಮ ಒಂದು ‘ರೂ’, ಇಂಗ್ಲಿಷಿನ ಹತ್ತು ಕೊಂಡಿ

ತಂಗಿಯ ಮಗ ಕೆಲಸಕ್ಕೆ ಅರ್ಜಿ ಹಾಕುವ ಮುಂಚೆ ತನ್ನ ಪತ್ರವನ್ನು ನನಗೆ ಓದಲು ಕೊಟ್ಟಿದ್ದ. ಒಂದೇ ಪುಟ. ಮೂರನೆಯ ಸಾಲಿನಲ್ಲಿ ಈ ವಾಕ್ಯವಿತ್ತು: ‘ಆಲ್‌ದೋ ಐ ಸ್ಟಡೀಡ್ ಇನ್ ಕನ್ನಡ ಮೀಡಿಯಂ, ಬಟ್ ಐ ಕ್ಯಾನ್ ಮ್ಯಾನೇಜ್ ಇಂಗ್ಲಿಷ್.’ ಇಂಗ್ಲಿಷನ್ನು ನಿಭಾಯಿಸಬಲ್ಲೆ ಎಂದು ಹೇಳಿಕೊಳ್ಳುವ ಸಾಲಿನಲ್ಲೇ ಇಂಗ್ಲಿಷ್ ಎಡವಿತ್ತು. ನಾನು ಪೆನ್ಸಿಲ್ ತೆಗೆದುಕೊಂಡು ‘ಬಟ್’ ಮೇಲೆ ಗೆರೆ ಎಳೆದೆ. ಅವನು ಕಾಗದವನ್ನು ಒಂದು ಗಳಿಗೆ ನೋಡಿ, “ಯಾಕೆ ಮಾವ? ಅಲ್ಲಿ ಏನೂ ಇಲ್ಲದಿದ್ದರೆ ಖಾಲಿ ಖಾಲಿ ಅನ್ನಿಸುತ್ತದೆ” ಎಂದ.

ಆ ‘ಖಾಲಿ ಖಾಲಿ’ ಎಂಬ ಮಾತು ನನಗೆ ಹಿಡಿಸಿತು. ‘ಆಲ್‌ದೋ ಬಂದಲ್ಲಿ ಬಟ್ ಬರಬಾರದು’ ಎಂಬ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಕೇಳಿರುತ್ತೇವೆ. ಕೇಳಿಯೂ ತಪ್ಪುತ್ತೇವೆ. ನಿಯಮ ಹೇಳಿದವರು ಅಲ್ಲಿ ನಮಗೆ ಏಕೆ ಖಾಲಿ ಅನ್ನಿಸುತ್ತದೆ ಎಂಬುದನ್ನು ಹೇಳಿರುವುದಿಲ್ಲ. ಅದರ ಕಾರಣ ಇರುವುದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ.

‘ಮಳೆ ಬರುತ್ತಿದ್ದರೂ ಹೊರಗೆ ಹೋದೆವು’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ವಿರೋಧವನ್ನು ಹೊತ್ತಿರುವುದು ‘ಬರುತ್ತಿದ್ದರೂ’ ಪದದ ಬಾಲದಲ್ಲಿರುವ ‘ರೂ’. ಮಳೆಯ ಮಾತು ಮುಗಿದು ಹೋಗುವ ಮಾತು ಶುರುವಾಗುವ ಜಾಗ ಅದು. ಎರಡು ಬಟ್ಟೆಗಳು ಕೂಡುವ ಹೊಲಿಗೆಯ ಮೇಲೆಯೇ ಅದು ಕುಳಿತಿದೆ. ‘ಮಳೆ ಬರುತ್ತಿತ್ತು, ಆದರೆ ಹೊರಗೆ ಹೋದೆವು’ ಎಂದರೂ ಅಷ್ಟೆ, ‘ಆದರೆ’ ಕೂಡ ಹೊಲಿಗೆಯ ಮೇಲೆಯೇ. ಕನ್ನಡದಲ್ಲಿ ಹೇಗೆ ಹೇಳಿದರೂ ವಿರೋಧದ ಗುರುತು ಎರಡು ಮಾತುಗಳ ನಡುವೆ ಬೀಳುತ್ತದೆ. ಇಂಗ್ಲಿಷಿನ ‘ಬಟ್’ ನಮ್ಮಂತೆಯೇ ನಡುವೆ ಬರುತ್ತದೆ, ಅದರ ಬಗ್ಗೆ ತಕರಾರಿಲ್ಲ. ‘ಆಲ್‌ದೋ’ ಮಾತ್ರ ಮಾತು ಆರಂಭವಾಗುವ ಮೊದಲೇ ಬಾಗಿಲಲ್ಲಿ ಬಂದು ನಿಲ್ಲುತ್ತದೆ: ಮುಂದೆ ಒಂದು ತಿರುವಿದೆ, ಈಗಲೇ ಎಚ್ಚರಿಸಿದ್ದೇನೆ ಎಂದು. ಆಮೇಲೆ ತಿರುವು ಬಂದಾಗ ಅಲ್ಲಿ ಅಲ್ಪವಿರಾಮದ ಹೊರತು ಏನೂ ಇರುವುದಿಲ್ಲ. ಹೊಲಿಗೆಯ ಜಾಗದಲ್ಲಿ ಏನಾದರೊಂದು ಇಟ್ಟೇ ರೂಢಿಯಾದ ಕನ್ನಡದ ನಾಲಿಗೆ ಅಲ್ಲಿ ತಡಕಾಡಿ ಒಂದು ‘ಬಟ್’ ಇಟ್ಟುಬಿಡುತ್ತದೆ.

ಇದು ನಮ್ಮೊಬ್ಬರ ರೋಗವೂ ಅಲ್ಲ. ಸಂಸ್ಕೃತದಲ್ಲಿ ‘ಯದ್ಯಪಿ’ ಬಂದರೆ ಹಿಂದೆಯೇ ‘ತಥಾಪಿ’ ಬರಬೇಕು. ಹಿಂದಿಯವರು ‘ಹಾಲಾಂಕಿ’ ಎಂದು ಶುರು ಮಾಡಿ ‘ಲೇಕಿನ್’ ಎಂದು ತಿರುಗುತ್ತಾರೆ. ಚೀನೀ ಭಾಷೆಯಲ್ಲೂ ಇಂಥ ಜೋಡಿ ಸಹಜ. ಹಾಗಾಗಿ ಚೀನಾದ ವಿದ್ಯಾರ್ಥಿಗಳು ಬರೆಯುವ ಇಂಗ್ಲಿಷಿನಲ್ಲೂ ಇದೇ ತಪ್ಪು ಇಣುಕುತ್ತದೆ. ಇಂಗ್ಲಿಷಿನವರೂ ಒಂದು ಕಾಲಕ್ಕೆ ‘ದೋ’ ಬಂದಲ್ಲಿ ‘ಯೆಟ್’ ಇಟ್ಟು ಜೋಡಿ ಮಾಡುತ್ತಿದ್ದರು. 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ ಈ ಜೋಡಿ ಸಿಗುತ್ತದೆ, ನಮ್ಮ ಶಾಲೆಗಳಲ್ಲಿ ಹಳೆಯ ತಲೆಮಾರಿನವರು ಓದಿದ ವ್ಯಾಕರಣದಲ್ಲೂ ಅದಿತ್ತು. ಹಾಗಾದರೆ ‘ಯೆಟ್’ಗೆ ಇದ್ದ ರಿಯಾಯಿತಿ ‘ಬಟ್’ಗೆ ಏಕಿಲ್ಲ?

‘ಬಟ್’ ಸಮಾನರಿಬ್ಬರನ್ನು ಜೋಡಿಸುವ ಪದ. ಅದರ ಎಡಕ್ಕೂ ಬಲಕ್ಕೂ ತಮ್ಮ ಕಾಲ ಮೇಲೆ ನಿಲ್ಲಬಲ್ಲ ಎರಡು ವಾಕ್ಯಗಳಿರಬೇಕು. ‘ಆಲ್‌ದೋ’ ತನ್ನ ವಾಕ್ಯದ ಕಾಲು ಮುರಿದು ಇನ್ನೊಂದಕ್ಕೆ ಒರಗಿಸಿಬಿಡುತ್ತದೆ. ‘ಆಲ್‌ದೋ ಇಟ್ ವಾಸ್ ರೈನಿಂಗ್’ ಎಂದಷ್ಟೇ ಹೇಳಿ ಸುಮ್ಮನಾದರೆ ಕೇಳಿದವರು ‘ಹೂಂ, ಮುಂದೆ?’ ಎಂದು ಕಾಯುತ್ತಾರೆ, ನಾವು ‘ಮಳೆ ಬರುತ್ತಿದ್ದರೂ’ ಎಂದು ನಿಲ್ಲಿಸಿದರೆ ಹೇಗೋ ಹಾಗೆ. ಒಂದೇ ವಾಕ್ಯ ಒಮ್ಮೆಗೇ ಒರಗಿಕೊಂಡೂ ಸ್ವತಂತ್ರವಾಗಿಯೂ ಇರಲಾರದು. ‘ಯೆಟ್’, ‘ಸ್ಟಿಲ್’ ಎಂಬ ಪದಗಳಿಗೆ ಜೋಡಿಸುವ ಕೆಲಸ ಕಡ್ಡಾಯವಲ್ಲ. ನಾವು ‘ಬರುತ್ತಿದ್ದರೂ ಕೂಡ’ ಎನ್ನುವಾಗಿನ ‘ಕೂಡ’ದಂತೆ ಅವು ಬರಿಯ ಒತ್ತು ಕೊಟ್ಟು ಪಕ್ಕದಲ್ಲಿ ನಿಲ್ಲಬಲ್ಲವು. ಆದ್ದರಿಂದ ‘ಆಲ್‌ದೋ’ ಆದಮೇಲೆ ಹೊಲಿಗೆಯ ಜಾಗ ತೀರಾ ಖಾಲಿ ಅನ್ನಿಸಿದರೆ ‘ಸ್ಟಿಲ್’ ಎಂದು ಇಡಬಹುದು, ಸ್ವಲ್ಪ ಹಳೆಯ ಕಾಲದ ಮಾತಿನಂತೆ ಕೇಳಿಸುತ್ತದೆ ಅಷ್ಟೆ. ‘ಬಟ್’ ಇಡುವಂತಿಲ್ಲ.

ಈ ‘ರೂ’ವನ್ನೇ ಇನ್ನಷ್ಟು ಹತ್ತಿರದಿಂದ ನೋಡಬೇಕು, ಏಕೆಂದರೆ ನಮ್ಮ ಅರ್ಧಕ್ಕರ್ಧ ತಪ್ಪುಗಳು ಹುಟ್ಟುವುದು ಅಲ್ಲೇ. ‘ಬಂದರೆ’ ಎಂಬುದಕ್ಕೆ ‘ಊ’ ಸೇರಿದರೆ ‘ಬಂದರೂ’. ಹಳಗನ್ನಡದಲ್ಲೂ ಲೆಕ್ಕ ಇದೇ: ‘ಬಂದೊಡೆ’ ಎಂದರೆ ಬಂದರೆ, ‘ಬಂದೊಡಂ’ ಎಂದರೆ ಬಂದರೂ. ಅಂದರೆ ಕನ್ನಡವು ಷರತ್ತಿನ ಮೇಲೆ ‘ಕೂಡ’ ಎಂಬ ಒಂದು ಕಲ್ಲಿಟ್ಟು ವಿರೋಧವನ್ನು ಕಟ್ಟಿಕೊಂಡಿದೆ. ‘ಆದರೆ’ ಎಂಬ ಪದವೇ ‘ಆಗು’ ಧಾತುವಿನ ಷರತ್ತಿನ ರೂಪ. ‘ಮಳೆ ಆದರೆ ಬಿತ್ತನೆ’ ಎಂದು ರೈತ ಹೇಳುವಾಗ ಅದು ಷರತ್ತು. ‘ಮಳೆ ಆಯಿತು, ಆದರೆ ಬಿತ್ತನೆ ಆಗಲಿಲ್ಲ’ ಎನ್ನುವಾಗ ಅದೇ ಪದ ವಿರೋಧ.

ಹೀಗೆ ಷರತ್ತೂ ವಿರೋಧವೂ ಒಂದೇ ಮನೆಯಲ್ಲಿ ವಾಸವಿರುವುದರಿಂದ ನಮಗೆ ಒಂದು ವ್ಯತ್ಯಾಸ ಕಾಣಿಸುವುದೇ ಇಲ್ಲ. ‘ಮಳೆ ಬಂದರೂ ಹೋದೆವು.’ ‘ಮಳೆ ಬಂದರೂ ಹೋಗುತ್ತೇವೆ.’ ಎರಡರಲ್ಲೂ ‘ಮಳೆ ಬಂದರೂ’ ಒಂದೇ. ಮೊದಲನೆಯದರಲ್ಲಿ ಮಳೆ ನಿಜವಾಗಿ ಬಂದಿದೆ, ನೆನೆದಿದ್ದೇವೆ. ಎರಡನೆಯದರಲ್ಲಿ ಮಳೆ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕನ್ನಡದಲ್ಲಿ ಇದನ್ನು ಕೊನೆಯ ಕ್ರಿಯಾಪದ ತೀರ್ಮಾನಿಸುತ್ತದೆ. ಇಂಗ್ಲಿಷ್ ಮೊದಲ ಪದದಲ್ಲೇ ತೀರ್ಮಾನ ಕೇಳುತ್ತದೆ: ನಿಜವಾಗಿ ನಡೆದಿದ್ದರೆ ‘ಈವನ್ ದೋ’, ನಡೆಯಬಹುದು ಎಂಬ ಊಹೆಯಾದರೆ ‘ಈವನ್ ಇಫ್’. ‘ಈವನ್ ಇಫ್ ಇಟ್ ರೈನ್ಸ್, ವಿ ವಿಲ್ ಗೋ’ ಎಂದರೆ ಮಳೆ ಬಂದರೂ ಬರದಿದ್ದರೂ ಹೋಗುವವರು. ಅದೇ ಜಾಗದಲ್ಲಿ ‘ಈವನ್ ದೋ’ ಇಟ್ಟರೆ ಅಲ್ಲಿ ಮಳೆ ಬರುವುದು ಖಚಿತ ಎಂದಾಗುತ್ತದೆ. ‘ಸಂಬಳ ಕಡಿಮೆಯಾದರೂ ಸೇರುತ್ತೇನೆ’ ಎಂದು ಇಮೇಲ್ ಬರೆಯುವಾಗ ‘ಈವನ್ ದೋ’ ಹಾಕಿದರೆ ಸಂಬಳ ಕಡಿಮೆ ಎಂದು ನೀವೇ ಒಪ್ಪಿ ಸಹಿ ಹಾಕಿದಂತೆ. ‘ಈವನ್ ಇಫ್’ ಹಾಕಿದರೆ ಚೌಕಾಸಿಗೆ ಇನ್ನೂ ಜಾಗವಿದೆ.

ಇದೇ ‘ಊ’ದಿಂದ ಹುಟ್ಟುವ ಇನ್ನೊಂದು ತಪ್ಪು ಬೆಂಗಳೂರಿನ ಕಚೇರಿಗಳಲ್ಲಿ ದಿನಕ್ಕೆ ನಾಲ್ಕು ಬಾರಿ ಕೇಳಿಸುತ್ತದೆ. ‘ಅವನೂ ಬಂದ’ ಎನ್ನುವಾಗಿನ ‘ಊ’ಗೆ ‘ಈವನ್’ ಎಂಬ ಅರ್ಥವೂ ಇದೆ. ಹಾಗಾಗಿ ‘ಹೇಳಿದರೂ ಕೇಳಲಿಲ್ಲ’ ಎಂಬುದು ‘ಈವನ್ ಐ ಟೋಲ್ಡ್ ಹಿಮ್, ಹಿ ಡಿಡ್ ನಾಟ್ ಲಿಸನ್’ ಎಂದಾಗುತ್ತದೆ. ನಮ್ಮ ಕಿವಿಗೆ ಅದರಲ್ಲಿ ಏನೂ ಕೊರತೆ ಇಲ್ಲ, ‘ಊ’ ಬಂದಿದೆಯಲ್ಲ! ಇಂಗ್ಲಿಷಿನ ಕಿವಿಗೆ ಮಾತ್ರ ‘ನಾನೂ ಅವನಿಗೆ ಹೇಳಿದೆ’ ಎಂಬಂತೆ ಕೇಳಿಸಿ ಗೊಂದಲವಾಗುತ್ತದೆ. ‘ಈವನ್’ ಒಂಟಿಯಾಗಿ ಎರಡು ವಾಕ್ಯಗಳನ್ನು ಕಟ್ಟಲಾರದು. ಅದಕ್ಕೆ ‘ದೋ’ ಅಥವಾ ‘ಇಫ್’ ಎಂಬ ಜೊತೆಗಾರ ಬೇಕೇ ಬೇಕು.

ಅರ್ಥ ಒಂದೇ, ಪಿನ್ನು ಬೇರೆ

ಮನೆಯಲ್ಲಿ ಗೀಸರ್ ಪ್ಲಗ್ಗನ್ನು ಮೊಬೈಲ್ ಚಾರ್ಜರಿನ ಸಾಕೆಟ್ಟಿಗೆ ಚುಚ್ಚಲು ನೋಡಿದವರಿಗೆ ಗೊತ್ತು: ಎರಡರಲ್ಲೂ ಹರಿಯುವುದು ಒಂದೇ ಕರೆಂಟು, ಪಿನ್ನು ಮಾತ್ರ ಹೊಂದುವುದಿಲ್ಲ. ಇಂಗ್ಲಿಷಿನ ವಿರೋಧ ಸೂಚಕ ಪದಗಳ ಕಥೆ ಹೆಚ್ಚುಕಡಿಮೆ ಇದೇ. ‘ಬಟ್’, ‘ಆಲ್‌ದೋ’, ‘ಡಿಸ್ಪೈಟ್’, ‘ಹೌಎವರ್’ ನಾಲ್ಕಕ್ಕೂ ನಿಘಂಟು ತೆರೆದರೆ ‘ಆದರೂ, ಆದಾಗ್ಯೂ’ ಎಂಬ ಅರ್ಥಗಳೇ ಸಿಗುತ್ತವೆ. ಅರ್ಥ ನೋಡಿ ಆರಿಸಲು ಹೊರಟವರು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ನೋಡಬೇಕಾದದ್ದು ಪದದ ಬಲಗಡೆ ಏನು ಬರುತ್ತದೆ ಎಂಬುದನ್ನು.

ಅದೇ ಮಳೆಯನ್ನು ನಾಲ್ಕು ಸಾಕೆಟ್ಟಿಗೂ ಹಾಕಿ ನೋಡೋಣ. ‘ಇಟ್ ವಾಸ್ ರೈನಿಂಗ್, ಬಟ್ ವಿ ವೆಂಟ್ ಔಟ್.’ ‘ಆಲ್‌ದೋ ಇಟ್ ವಾಸ್ ರೈನಿಂಗ್, ವಿ ವೆಂಟ್ ಔಟ್.’ ‘ಡಿಸ್ಪೈಟ್ ದ ರೈನ್, ವಿ ವೆಂಟ್ ಔಟ್.’ ‘ಇಟ್ ವಾಸ್ ರೈನಿಂಗ್. ಹೌಎವರ್, ವಿ ವೆಂಟ್ ಔಟ್.’ ಮೊದಲ ಎರಡರ ವಿಚಾರ ಆಯಿತು. ಮೂರನೆಯದರಲ್ಲಿ ಕ್ರಿಯಾಪದವೇ ಮಾಯವಾಗಿದೆ. ‘ಡಿಸ್ಪೈಟ್’ ಬಯಸುವುದು ನಾಮಪದವನ್ನು. ‘ಡಿಸ್ಪೈಟ್ ಇಟ್ ವಾಸ್ ರೈನಿಂಗ್’ ಎಂದು ಬರೆದರೆ ಗೀಸರ್ ಪ್ಲಗ್ಗನ್ನು ಗುದ್ದಿ ಗುದ್ದಿ ಒಳಗೆ ತಳ್ಳಿದಂತೆ. ಕ್ರಿಯೆಯನ್ನು ಹೇಳಲೇಬೇಕಾದರೆ ಅದನ್ನು ನಾಮಪದದ ವೇಷಕ್ಕೆ ತರಬೇಕು, ನಾವು ‘ಬರು’ ಎಂಬುದನ್ನು ‘ಬರುವುದು’ ಮಾಡುವ ಹಾಗೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ‘ಇಂಗ್’ ಪ್ರತ್ಯಯ ಮಾಡುತ್ತದೆ: ‘ಡಿಸ್ಪೈಟ್ ಹ್ಯಾವಿಂಗ್ ಎ ಟಿಕೆಟ್, ಹಿ ಟ್ರಾವೆಲ್ಡ್ ಸ್ಟ್ಯಾಂಡಿಂಗ್.’ ಟಿಕೆಟ್ ಇದ್ದರೂ ನಿಂತೇ ಪ್ರಯಾಣಿಸಿದ. ಇಲ್ಲಿ ಒಂದು ಸೂಕ್ಷ್ಮವಿದೆ. ಟಿಕೆಟ್ ಇದ್ದದ್ದು ಯಾರಿಗೋ, ನಿಂತದ್ದೂ ಅವರೇ ಆಗಿರಬೇಕು. ‘ಡಿಸ್ಪೈಟ್ ಹ್ಯಾವಿಂಗ್ ಎ ಟಿಕೆಟ್, ದ ಕಂಡಕ್ಟರ್ ಸ್ಕೋಲ್ಡೆಡ್ ಮಿ’ ಎಂದರೆ ಟಿಕೆಟ್ ಕಂಡಕ್ಟರನ ಜೇಬಿನಲ್ಲಿತ್ತು ಎಂದಾಗುತ್ತದೆ. ಕನ್ನಡದಲ್ಲಿ ‘ಟಿಕೆಟ್ ಇದ್ದರೂ ಕಂಡಕ್ಟರ್ ಬೈದ’ ಎಂದರೆ ಯಾರ ಟಿಕೆಟ್ ಎಂದು ಯಾರೂ ಕೇಳುವುದಿಲ್ಲ.

‘ಡಿಸ್ಪೈಟ್ ಆಫ್’ ಎಂಬ ಒಂದು ಮಿಶ್ರತಳಿಯೂ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ಅದು ‘ಡಿಸ್ಪೈಟ್’ ಮತ್ತು ‘ಇನ್ ಸ್ಪೈಟ್ ಆಫ್’ ಎರಡರ ಕಸಿ. ಒಂದೋ ಮೂರು ಪದ ಬಳಸಿ, ಇಲ್ಲವೇ ಒಂದೇ ಪದ ಬಳಸಿ. ಎರಡು ಪದಗಳ ಆವೃತ್ತಿ ಇಲ್ಲ. ಅಂದಹಾಗೆ ಈ ‘ಸ್ಪೈಟ್’ ಎಂಬುದು ‘ಡಿಸ್ಪೈಟ್’ನ ತಲೆ ಕತ್ತರಿಸಿ ಉಳಿದದ್ದೇ. ಮೂಲ ಲ್ಯಾಟಿನ್, ಫ್ರೆಂಚಿನ ಮೂಲಕ ಬಂದದ್ದು, ಮೇಲಿನಿಂದ ಕೆಳಗೆ ನೋಡುವುದು, ತಿರಸ್ಕರಿಸುವುದು ಎಂಬ ಅರ್ಥ. ‘ಡಿಸ್ಪೈಟ್ ದ ರೈನ್’ ಎಂದರೆ ಮಳೆಯನ್ನು ಕ್ಯಾರೇ ಅನ್ನದೆ. ಕನ್ನಡದಲ್ಲಿ ‘ಮಳೆಯನ್ನೂ ಲೆಕ್ಕಿಸದೆ ಜನ ಸೇರಿದ್ದರು’ ಎಂದು ಬರೆಯುತ್ತಾರಲ್ಲ, ಪದದ ಹೊಟ್ಟೆಯೊಳಗಿನ ಚಿತ್ರ ಅದೇ.

ನಾಲ್ಕನೆಯ ಸಾಕೆಟ್ಟು ‘ಹೌಎವರ್’. ಇದು ಯಾವ ವಾಕ್ಯವನ್ನೂ ಜೋಡಿಸುವುದಿಲ್ಲ. ಹಿಂದಿನ ವಾಕ್ಯ ಪೂರ್ತಿ ಮುಗಿಯಬೇಕು, ಪೂರ್ಣವಿರಾಮವೋ ಅರ್ಧವಿರಾಮವೋ ಬೀಳಬೇಕು, ಆಮೇಲೆ ಹೊಸ ವಾಕ್ಯದ ತಲೆಯ ಮೇಲೆ ಇದು ಟೋಪಿಯಂತೆ ಬಂದು ಕೂರುತ್ತದೆ, ಹಿಂದೆಯೇ ಒಂದು ಅಲ್ಪವಿರಾಮ. ‘ಬಟ್’ ಇದ್ದ ಕಡೆ ‘ಹೌಎವರ್’ ಹಾಕಿದರೆ ಭಾಷೆ ಗಂಭೀರವಾಗುತ್ತದೆ ಎಂದುಕೊಂಡು ಬರಿಯ ಪದ ಬದಲಿಸುವವರು ವಿರಾಮಚಿಹ್ನೆಯನ್ನು ಬದಲಿಸಲು ಮರೆಯುತ್ತಾರೆ. ‘ಇಟ್ ವಾಸ್ ರೈನಿಂಗ್, ಹೌಎವರ್ ವಿ ವೆಂಟ್ ಔಟ್’ ಎಂಬಲ್ಲಿ ಎರಡು ಪೂರ್ಣ ವಾಕ್ಯಗಳ ನಡುವೆ ಇರುವುದು ಒಂದು ಬಡ ಅಲ್ಪವಿರಾಮ. ಆ ಭಾರ ಹೊರುವ ಶಕ್ತಿ ಅದಕ್ಕಿಲ್ಲ.

ಇದೇ ಪದ ವಾಕ್ಯದ ನಡುವೆ ನುಸುಳಿದಾಗ ಮಾಡುವ ಕೆಲಸವನ್ನು ಕನ್ನಡದವರು ಬೇಗ ಹಿಡಿಯುತ್ತಾರೆ. ಎಲ್ಲರೂ ಮದುವೆಗೆ ಹೋದರು. ‘ಹಿ, ಹೌಎವರ್, ಸ್ಟೇಡ್ ಬ್ಯಾಕ್’ ಎಂದರೆ ‘ಅವನು ಮಾತ್ರ ಉಳಿದುಕೊಂಡ’. ನಮ್ಮ ‘ಮಾತ್ರ’ ಹೇಗೆ ತನ್ನ ಎಡಗಡೆಯ ಪದವನ್ನು ಗುಂಪಿನಿಂದ ಎಳೆದು ನಿಲ್ಲಿಸುತ್ತದೋ ಇದೂ ಹಾಗೆಯೇ. ‘ಎಷ್ಟೇ ಓದಿದರೂ ತಲೆಗೆ ಹತ್ತುವುದಿಲ್ಲ’ ಎನ್ನುವಾಗಿನ ‘ಎಷ್ಟೇ’ಗೂ ಇಂಗ್ಲಿಷಿನಲ್ಲಿ ಇದೇ ‘ಹೌಎವರ್’ ಎಂಬುದು ಕೆಲವರಿಗೆ ಅಚ್ಚರಿ: ‘ಹೌಎವರ್ ಹಾರ್ಡ್ ಐ ಸ್ಟಡಿ’. ಆಗ ಅದರ ಹಿಂದೆ ಅಲ್ಪವಿರಾಮ ಬರುವುದಿಲ್ಲ. ನಮ್ಮ ವಾಕ್ಯದಲ್ಲಿ ‘ಎಷ್ಟೇ’ಯ ಹಿಂದೆ ಮತ್ತೆ ಅದೇ ‘ರೂ’ ಬಂದಿರುವುದನ್ನು ಗಮನಿಸಿದಿರಲ್ಲ.

‘ದೋ’ ವಾಕ್ಯದ ಕೊನೆಯಲ್ಲೂ ಬರುತ್ತದೆ, ‘ಆಲ್‌ದೋ’ ಹಾಗೆ ಬರುವುದಿಲ್ಲ. ‘ದ ದೋಸೆ ಇಸ್ ಗುಡ್. ಇಟ್ಸ್ ಎಕ್ಸ್‌ಪೆನ್ಸಿವ್, ದೋ.’ ದೋಸೆ ಚೆನ್ನಾಗಿದೆ, ಬೆಲೆ ಮಾತ್ರ ಜಾಸ್ತಿ. ಮಾತಿನಲ್ಲಿ ಬಹಳ ಹಿತವಾಗಿ ಕೇಳಿಸುವ ಪ್ರಯೋಗ ಇದು; ‘ಬಟ್’ನ ಒರಟುತನ ಇದಕ್ಕಿಲ್ಲ. ‘ನೆವರ್‌ದಲೆಸ್’ ಎಂಬುದನ್ನು ಮಾತಿನಲ್ಲಿ ಬಳಸುವುದು ನನ್ನ ದೃಷ್ಟಿಯಲ್ಲಿ ವಕೀಲರು ಕರಿಕೋಟು ಹಾಕಿಕೊಂಡೇ ಮದುವೆಯ ಊಟಕ್ಕೆ ಕುಳಿತಂತೆ. ತಪ್ಪಿಲ್ಲ, ನೋಡುವವರಿಗೆ ಮುಜುಗರ. ‘ಬಟ್’ನಿಂದ ವಾಕ್ಯ ಆರಂಭಿಸಬಾರದು ಎಂದು ಶಾಲೆಯಲ್ಲಿ ಹೊಡೆದು ಕಲಿಸಿದ ನಿಯಮವನ್ನು ಮರೆತುಬಿಡಿ. ಒಳ್ಳೆಯ ಇಂಗ್ಲಿಷ್ ಲೇಖಕರಲ್ಲಿ ಬಹಳಷ್ಟು ಮಂದಿ ಅದನ್ನು ಪಾಲಿಸಿದವರಲ್ಲ.

ಬೆಕ್ಕು, ಇಲಿ, ಪೂಜಾರಿ

ಇಲ್ಲಿಯವರೆಗೆ ವಿರೋಧ ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಹೇಳಿದೆ. ವಾಸ್ತವದಲ್ಲಿ ಅದರಲ್ಲಿ ಮೂರು ಜಾತಿಗಳಿವೆ, ಮೂರಕ್ಕೂ ಇಂಗ್ಲಿಷಿನಲ್ಲಿ ಪದಗಳ ಬಳಕೆ ಬೇರೆ ಬೇರೆ.

‘ದೇವರು ವರ ಕೊಟ್ಟರೂ ಪೂಜಾರಿ ಕೊಡ.’ ದೇವರೇ ಕೊಟ್ಟಮೇಲೆ ಕೆಲಸ ಆಗಬೇಕಿತ್ತು, ಆಗಲಿಲ್ಲ. ಇಲ್ಲಿ ಒಂದು ನಿರೀಕ್ಷೆ ಇದೆ, ಅದು ಮುರಿದಿದೆ. ‘ಆಲ್‌ದೋ’, ‘ಡಿಸ್ಪೈಟ್’ ಬಳಗವೆಲ್ಲ ದುಡಿಯುವುದು ಇಂಥ ಕಡೆ.

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.’ ಇಲ್ಲಿ ಯಾವ ನಿರೀಕ್ಷೆಯೂ ಮುರಿದಿಲ್ಲ. ಇಬ್ಬರ ಪಾಡನ್ನು ಅಕ್ಕಪಕ್ಕ ಇಟ್ಟು ತೋರಿಸಿದೆ, ಅಷ್ಟೆ. ಕನ್ನಡಕ್ಕೆ ಇಲ್ಲಿ ಜೋಡಿಸುವ ಪದವೇ ಬೇಡ, ತಾಳದಲ್ಲೇ ಕೆಲಸ ಮುಗಿಯುತ್ತದೆ. ಹೆಚ್ಚೆಂದರೆ ‘ಇಲಿಗೋ’ ಎಂದು ಒಂದು ‘ಓ’ ಸೇರಿಸುತ್ತೇವೆ. ಇಂಗ್ಲಿಷಿನ ಗದ್ಯ ಇಲ್ಲಿ ‘ವೈಲ್’ ಅಥವಾ ‘ವೇರ್‌ಆಸ್’ ಕೇಳುತ್ತದೆ. ಇಂಥ ಜಾಗದಲ್ಲಿ ‘ಆಲ್‌ದೋ’ ಹಾಕಿದರೆ ವಿಚಿತ್ರವಾಗುತ್ತದೆ. ‘ಆಲ್‌ದೋ ಮೈ ಬ್ರದರ್ ಲೈಕ್ಸ್ ಕಾಫಿ, ಐ ಲೈಕ್ ಟೀ’ ಎಂದರೆ ಅಣ್ಣ ಕಾಫಿ ಕುಡಿಯುತ್ತಾನೆಂದ ಮೇಲೆ ತಮ್ಮನೂ ಕಾಫಿಯನ್ನೇ ಕುಡಿಯಬೇಕಿತ್ತು ಎಂಬ ಯಾವುದೋ ಮನೆತನದ ಕಟ್ಟಳೆ ಮುರಿದಂತೆ ಕೇಳಿಸುತ್ತದೆ.

ಮೂರನೆಯದು ತಿದ್ದುವ ವಿರೋಧ. ‘ಇದು ಮೊಸರಲ್ಲ, ಮಜ್ಜಿಗೆ.’ ಹೋಟೆಲಿನಲ್ಲಿ ಬಟ್ಟಲು ನೋಡಿ ಹೇಳುವ ಮಾತು. ಮೊದಲನೆಯದನ್ನು ಅಳಿಸಿ ಅದರ ಜಾಗದಲ್ಲಿ ಎರಡನೆಯದನ್ನು ಇಡುವುದು. ಗಮನಿಸಿ, ಇಲ್ಲಿ ‘ಆದರೆ’ ಬರುವುದೇ ಇಲ್ಲ. ‘ಇದು ಮೊಸರಲ್ಲ ಆದರೆ ಮಜ್ಜಿಗೆ’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ, ಇಂಗ್ಲಿಷಿನಿಂದ ಅವಸರದಲ್ಲಿ ಅನುವಾದ ಮಾಡುವವರನ್ನು ಬಿಟ್ಟು. ನಮ್ಮ ‘ಅಲ್ಲ’ದಲ್ಲೇ ಆ ಕೆಲಸ ಮುಗಿದಿರುತ್ತದೆ. ಇಂಗ್ಲಿಷ್ ಮಾತ್ರ ಇದಕ್ಕೂ ‘ನಾಟ್’ ಮುಂದೆ ‘ಬಟ್’ ಎಂದೇ ಬರೆದುಕೊಳ್ಳುತ್ತದೆ. ಜರ್ಮನರು ಈ ವಿಷಯದಲ್ಲಿ ಅಚ್ಚುಕಟ್ಟು: ಸಾಮಾನ್ಯ ‘ಆದರೆ’ಗೆ ‘ಆಬರ್’, ತಿದ್ದುವ ‘ಆದರೆ’ಗೆ ‘ಜೊಂಡರ್ನ್’ ಎಂದು ಎರಡು ಬೇರೆ ಪದ ಇಟ್ಟುಕೊಂಡಿದ್ದಾರೆ. ಸ್ಪ್ಯಾನಿಷಿನಲ್ಲೂ ‘ಪೆರೊ’, ‘ಸಿನೊ’ ಎಂದು ಎರಡು.

ಈ ಎರಡನೆಯ ಮತ್ತು ಮೂರನೆಯ ಜಾತಿ ಕಲಸಿಹೋದಾಗ ಆಗುವ ಅನಾಹುತವೇ ‘ಆನ್ ದಿ ಅದರ್ ಹ್ಯಾಂಡ್’ ಮತ್ತು ‘ಆನ್ ದ ಕಾಂಟ್ರರಿ’ಗಳ ಅದಲುಬದಲು. ಮೊದಲನೆಯದು ತಕ್ಕಡಿಯ ಇನ್ನೊಂದು ತಟ್ಟೆ: ಹಳ್ಳಿಯಲ್ಲಿ ಬಾಡಿಗೆ ಕಡಿಮೆ, ಇನ್ನೊಂದು ಕಡೆ ನೋಡಿದರೆ ಆಸ್ಪತ್ರೆ ದೂರ. ಎರಡೂ ನಿಜ. ಎರಡನೆಯದು ಹಿಂದಿನ ಮಾತನ್ನೇ ಅಲ್ಲಗಳೆಯುವುದು: ಅವನಿಗೆ ಬೇಸರವಾಗಿರಬೇಕು ಎಂದುಕೊಂಡಿರಾ, ಇಲ್ಲವೇ ಇಲ್ಲ, ಕುಣಿದಾಡುತ್ತಿದ್ದ. ‘ಹಳ್ಳಿಯಲ್ಲಿ ಬಾಡಿಗೆ ಕಡಿಮೆ, ಆನ್ ದ ಕಾಂಟ್ರರಿ ನಗರದಲ್ಲಿ ಜಾಸ್ತಿ’ ಎಂದು ಪ್ರಬಂಧದಲ್ಲಿ ಬರೆದರೆ ಹಳ್ಳಿಯ ಬಾಡಿಗೆಯ ಬಗ್ಗೆ ಹೇಳಿದ್ದು ಸುಳ್ಳು ಎಂದು ನೀವೇ ಹೇಳಿದಂತಾಗುತ್ತದೆ.

ವಿದೇಶದಲ್ಲಿ ಓದಲು ಹೊರಟು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರಿಗೆ ಇಲ್ಲೊಂದು ಮಾತು. ಅದರ ಬರವಣಿಗೆ ಭಾಗದಲ್ಲಿ ಅಂಕ ಕೊಡುವ ಅಳತೆಗೋಲುಗಳು ನಾಲ್ಕು, ನಾಲ್ಕಕ್ಕೂ ಸಮಪಾಲು. ವಿಚಾರಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಎಂಬುದು ಅವುಗಳಲ್ಲಿ ಒಂದು. ಇದನ್ನು ಕೇಳಿದ ಕೂಡಲೇ ಕೋಚಿಂಗ್ ತರಗತಿಗಳಲ್ಲಿ ಕೊಂಡಿಪದಗಳ ಪಟ್ಟಿ ಹಂಚುತ್ತಾರೆ, ಹುಡುಗರು ಪ್ರತಿ ವಾಕ್ಯಕ್ಕೂ ಒಂದೊಂದು ಚಮಚ ಒಗ್ಗರಣೆ ಹಾಕುತ್ತಾರೆ. ಯಾಂತ್ರಿಕವಾಗಿ ಜೋಡಿಸಿದ್ದು ಕಂಡರೆ ಅಂಕ ಇಳಿಯುತ್ತದೆ ಎಂದು ಆ ಅಳತೆಗೋಲಿನ ವಿವರಣೆಯಲ್ಲೇ ಇದೆ. ಒಗ್ಗರಣೆ ಸಾರಿಗೆ ಬೇಕು, ಅನ್ನಕ್ಕಲ್ಲ.

ಇನ್ನು ನನಗೆ ಬಹಳ ದಿನದಿಂದ ಕಿರಿಕಿರಿ ಮಾಡುತ್ತಿರುವ ಒಂದು ಪದದ ವಿಷಯ. ‘ಮಳೆಯ ಹೊರತಾಗಿಯೂ ಜನ ಸೇರಿದ್ದರು’, ‘ವಿರೋಧದ ಹೊರತಾಗಿಯೂ ಮಸೂದೆ ಅಂಗೀಕಾರ’ ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ‘ಡಿಸ್ಪೈಟ್’ ಎಂಬುದು ನಾಮಪದದ ಮುಂದೆ ಬರುತ್ತದೆ, ಕನ್ನಡದಲ್ಲೂ ನಾಮಪದಕ್ಕೆ ಅಂಟಿಸಲು ಏನಾದರೊಂದು ಬೇಕು ಎಂದು ಸುದ್ದಿಮನೆಯ ಅವಸರದಲ್ಲಿ ಯಾರೋ ಟಂಕಿಸಿದ ಪ್ರಯೋಗವಿರಬೇಕು. ಆದರೆ ‘ಹೊರತು’ ಎಂದರೆ ಬಿಟ್ಟು, ಹೊರಗಿಟ್ಟು. ‘ರವಿಯ ಹೊರತು ಎಲ್ಲರೂ ಬಂದರು.’ ಮಳೆಯನ್ನು ಹೊರಗಿಟ್ಟರೆ ವಾಕ್ಯದಲ್ಲಿ ವಿಶೇಷವೇನು ಉಳಿಯಿತು? ‘ಮಳೆಯ ನಡುವೆಯೂ’, ‘ವಿರೋಧವಿದ್ದರೂ’ ಎಂದರೆ ಮಾತೂ ಚಿಕ್ಕದು, ಅರ್ಥವೂ ನೇರ.

ತಮಾಷೆಯೆಂದರೆ ‘ಹೊರತು’ವಿಗೆ ಇಂಗ್ಲಿಷಿನಲ್ಲಿ ನಿಜವಾದ ಒಡಹುಟ್ಟು ‘ಡಿಸ್ಪೈಟ್’ ಅಲ್ಲ, ‘ಬಟ್’. ಹಳೆಯ ಇಂಗ್ಲಿಷಿನಲ್ಲಿ ‘ಬಟ್’ನ ಪೂರ್ವಜನಾದ ‘ಬೂಟನ್’ ಎಂಬುದಕ್ಕೆ ಹೊರಗೆ ಎಂದೇ ಅರ್ಥವಿತ್ತು. ಅದರೊಳಗೆ ಇವತ್ತಿನ ‘ಔಟ್’ ಅಡಗಿದೆ. ‘ಹೊರಗೆ’ ಎಂಬುದರಿಂದ ‘ಹೊರತುಪಡಿಸಿ’, ಅಲ್ಲಿಂದ ‘ಆದರೆ’. ಇವತ್ತಿಗೂ ‘ಎವ್ರಿವನ್ ಬಟ್ ರವಿ’ ಎಂದರೆ ರವಿಯ ಹೊರತು ಎಲ್ಲರೂ. ‘ಹೊರ’ದಿಂದ ‘ಹೊರತು’ ಬಂದದ್ದೂ, ‘ಔಟ್’ ಇಂದ ‘ಬಟ್’ ಬಂದದ್ದೂ ಒಂದೇ ದಾರಿಯಲ್ಲಿ, ಒಬ್ಬರನ್ನೊಬ್ಬರು ಕೇಳದೆ.

ಕಾನೂನಿನ ಭಾಷೆಯಲ್ಲಿ ಈ ಬಳಗದ ಹಿರಿಯಣ್ಣ ‘ನಾಟ್‌ವಿತ್‌ಸ್ಟ್ಯಾಂಡಿಂಗ್’. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಯಾವ ಯಾವ ಮಾಹಿತಿಯನ್ನು ಕೊಡಬೇಕಾಗಿಲ್ಲ ಎಂದು ಹೇಳುವ 8ನೆಯ ಕಲಮಿನ ಮೊದಲ ಉಪಕಲಮು ಶುರುವಾಗುವುದೇ ಈ ಪದದಿಂದ. ಮಾಹಿತಿ ಕೇಳಿ ಹಿಂಬರಹ ಪಡೆದವರಿಗೆ ಅದರ ಬಿಸಿ ಗೊತ್ತು. ಕನ್ನಡದ ಕಾಯ್ದೆಗಳಲ್ಲಿ ಇದಕ್ಕೆ ‘ಏನೇ ಒಳಗೊಂಡಿದ್ದರೂ’ ಎಂದು ಬರೆಯುತ್ತಾರೆ: ಈ ಅಧಿನಿಯಮದಲ್ಲಿ ಬೇರೆ ಕಡೆ ಏನೇ ಒಳಗೊಂಡಿದ್ದರೂ, ಇಲ್ಲಿ ಹೇಳಿದ್ದೇ ಮೇಲು ಎಂದು. ನೋಡಿ, ಇಂಗ್ಲಿಷಿನ ಆ ಉದ್ದನೆಯ ಪದಕ್ಕೂ ಕೊನೆಗೆ ಒದಗಿ ಬಂದದ್ದು ನಮ್ಮ ಅದೇ ‘ರೂ’. ಮೇಲಿನ ನಿಯಮಕ್ಕೆ ವಿನಾಯಿತಿ ಹೇಳುವ ಸಾಲುಗಳು ‘ಪರಂತು’ ಎಂದು ಆರಂಭವಾಗುತ್ತವೆ. ಮರಾಠಿ, ಹಿಂದಿಗಳ ಬರವಣಿಗೆಯಲ್ಲಿ ಸಾಮಾನ್ಯ ‘ಆದರೆ’ ಆಗಿರುವ ಆ ಪದ ಕನ್ನಡದಲ್ಲಿ ಕಾಯ್ದೆ ಪುಸ್ತಕ ಬಿಟ್ಟು ಹೊರಗೆ ಕಾಣುವುದು ಅಪರೂಪ.

ತೂಕ ಯಾವ ಕಡೆ

ಇಷ್ಟೆಲ್ಲ ಸರಿಯಾಗಿ ಬರೆದಮೇಲೂ ಉಳಿಯುವ ಒಂದು ಪ್ರಶ್ನೆ ಯಾವುದನ್ನು ಮೊದಲು ಹೇಳಬೇಕು ಎಂಬುದು. ‘ಹುಡುಗ ಜಾಣ, ಆದರೆ ತುಂಟ’ ಎಂದು ಮೇಷ್ಟರು ಹೇಳಿದರೆ ತಂದೆ ಮನೆಗೆ ಬಂದು ಗದರುತ್ತಾರೆ. ‘ಹುಡುಗ ತುಂಟ, ಆದರೆ ಜಾಣ’ ಎಂದರೆ ದಾರಿಯಲ್ಲಿ ಮೈಸೂರುಪಾಕು ಕಟ್ಟಿಸಿಕೊಂಡು ಬರುತ್ತಾರೆ. ಸುದ್ದಿ ಒಂದೇ. ‘ಆದರೆ’, ‘ಬಟ್’ ಇರುವ ಕಡೆ ತೂಕ ಯಾವಾಗಲೂ ಎರಡನೆಯ ತಟ್ಟೆಗೆ. ‘ಆಲ್‌ದೋ’ದ ಅನು‍ಕೂಲ ಇಲ್ಲಿದೆ: ಅದು ಯಾವ ಮಾತಿನ ಮೇಲೆ ಕುಳಿತಿದೆಯೋ ಆ ಮಾತು ಹಗುರವಾಗುತ್ತದೆ, ವಾಕ್ಯದ ಆರಂಭದಲ್ಲಿರಲಿ ಕೊನೆಯಲ್ಲಿರಲಿ. ‘ಹಿ ಇಸ್ ಬ್ರೈಟ್, ಆಲ್‌ದೋ ಹಿ ಇಸ್ ನಾಟಿ’ ಎಂದಾಗ ತುಂಟತನ ಕೊನೆಗೆ ಬಂದರೂ ಮೇಷ್ಟರ ತೀರ್ಪು ಜಾಣ ಎಂದೇ. ಕೆಟ್ಟ ಸುದ್ದಿಯನ್ನು ಮೆಲ್ಲಗೆ ಹೇಳಬೇಕಾದ ಪತ್ರಗಳಲ್ಲಿ ಇದು ಕೈಗೆ ಸಿಗುವ ಒಳ್ಳೆಯ ಸಲಕರಣೆ.

1879ರಲ್ಲಿ ಜರ್ಮನಿಯ ತರ್ಕಶಾಸ್ತ್ರಜ್ಞ ಗಾಟ್‌ಲೋಬ್ ಫ್ರೇಗ ತನ್ನ ಹೊಸ ತರ್ಕಲಿಪಿಯನ್ನು ಪ್ರಕಟಿಸಿದಾಗ ‘ಮತ್ತು’, ‘ಆದರೆ’ ಎರಡಕ್ಕೂ ಅದರಲ್ಲಿ ಬೇರೆ ಬೇರೆ ಗುರುತು ಇಡಲಿಲ್ಲ. ಸತ್ಯಾಸತ್ಯದ ಲೆಕ್ಕಕ್ಕೆ ಎರಡೂ ಒಂದೇ; ‘ಜಾಣ ಮತ್ತು ತುಂಟ’ ನಿಜವಾದರೆ ‘ಜಾಣ ಆದರೆ ತುಂಟ’ವೂ ನಿಜ. ಮುಂದೆ ಬರುವುದು ನೀವು ಎಣಿಸಿದಂತೆ ಇಲ್ಲ ಎಂಬ ಸುಳಿವನ್ನು ಕೊಡಲು ಮಾತ್ರ ‘ಆದರೆ’ ಎನ್ನುತ್ತೇವೆ ಎಂದು ಅವನು ಅಲ್ಲಿಯೇ ಗುರುತಿಸಿದ್ದ. ತರ್ಕಕ್ಕೆ ಬೇಡವಾದ ಆ ಸುಳಿವಿನಲ್ಲೇ ಮನುಷ್ಯರ ವ್ಯವಹಾರವೆಲ್ಲ ಇರುವುದು. ‘ಬಡವರಾದರೂ ಮರ್ಯಾದಸ್ಥರು’ ಎಂದು ಯಾರಾದರೂ ಹೊಗಳಿದಾಗ ಕೇಳಿದವರ ಮೈ ಉರಿಯುವುದು ‘ಮರ್ಯಾದಸ್ಥರು’ ಎಂಬ ಪದಕ್ಕಲ್ಲ. ಬಡವರಿಗೆ ಮರ್ಯಾದೆ ಇರುವುದಿಲ್ಲ ಎಂದು ಹೇಳದೆಯೇ ಹೇಳಿದ ಆ ‘ರೂ’ಗೆ.

ತಂಗಿಯ ಮಗನ ವಾಕ್ಯಕ್ಕೆ ಮರಳಿದರೆ, ‘ಬಟ್’ ಹೊಡೆದು ಹಾಕಿದ ಮೇಲೆ ವ್ಯಾಕರಣ ಸರಿಹೋಗಿತ್ತು: ಕನ್ನಡ ಮಾಧ್ಯಮದಲ್ಲಿ ಓದಿದ್ದರೂ ಇಂಗ್ಲಿಷ್ ನಿಭಾಯಿಸಬಲ್ಲೆ. ಆದರೆ ಈಗ ನನಗೆ ಆ ‘ಆಲ್‌ದೋ’ವೇ ಚುಚ್ಚತೊಡಗಿತು. “ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಇಲ್ಲಿ ಯಾರು ಅಂದುಕೊಂಡಿದ್ದಾರೆ? ಪತ್ರ ಓದುವವರೋ, ನೀನೋ?” ಎಂದು ಕೇಳಿದೆ.

ಅವನು ಉತ್ತರ ಕೊಡಲಿಲ್ಲ. ಪೆನ್ಸಿಲ್ ಇಸಿದುಕೊಂಡು ‘ಆಲ್‌ದೋ’ಗೂ ಗೆರೆ ಎಳೆದ. ಅಲ್ಪವಿರಾಮವನ್ನೂ ಹೊಡೆದು ಹಾಕಿ, ಹೊಲಿಗೆ ಬೀಳುವ ಆ ಖಾಲಿ ಜಾಗದಲ್ಲಿ ‘ಆ್ಯಂಡ್’ ಎಂದು ಬರೆದ.